ಟಗರು

ಬಾನೆಟ್ಟಿನ ಮೂತಿಗೆ ಒಂದು ಟಗರು ಐತೆ, ಕ್ರೋಮಿನದು.
ಕೊಂಬು ಸುರುಳಿ, ತಲೆ ತಗ್ಗಿಸಿ ಗುಮ್ಮೋಕೆ ನಿಂತದ್ದು.
ಕೌಲ್ ಬಜಾರಿನ ಹುಡುಗರಿಗೆ ಡಾಡ್ಜ್ ಅನ್ನೋಕೆ ನಾಲಿಗೆ ತಿರುಗಲ್ಲ,
"ಟಗರು ಬಂತು" ಅಂತ ಓಡ್ತಾವೆ.
ಹೆಚ್ಚು ದಿನ ಕೇಳಿಸೋದು ಮಾತ್ರ
"ಟಗರು ನಿಂತೋಯ್ತು."

ಐವತ್ನಾಲ್ಕನೇ ಇಸವಿ. ನನಗಿಂತ ಹದಿಮೂರು ವರ್ಷ ದೊಡ್ಡದು.
ಸಂಡೂರಿನ ಒಂದು ಗಣಿ ಆಫೀಸಿನ ಶೆಡ್ಡಿನಲ್ಲಿ
ಇದರ ಹಿಂದಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.
ಎಂಟು ಹೊಲಿಗೆ ಮಿಷನ್ನಿನ ದುಡ್ಡು ಎಣಿಸಿ ಕೊಟ್ಟೆ,
ಮರಿ ಆಗೋ ತನಕ ಹದಿನೈದು ದಿನ ಕಾಯಿಸಿದ ವಾಚ್‌ಮನ್.
ಮ್ಯಾಟ್ ಎತ್ತಿದರೆ ಒಂದು ಪುಟ್ಟಿ ಅದಿರಿನ ಧೂಳು.
ಹತ್ತು ವರ್ಷ ತೊಳೆದೀನಿ. ಇವತ್ತಿಗೂ
ಬಾಗಿಲು ಜೋರಾಗಿ ಹಾಕಿದರೆ ಎಲ್ಲಿಂದಲೋ
ಒಂದು ಚಿಟಿಕೆ ಕುಂಕುಮ ಉದುರ್ತೈತೆ.

ಸೀಟಿಗೆ ನಮ್ಮ ಯೂನಿಟ್ಟಿನದೇ ರಿಜೆಕ್ಟ್ ಡೆನಿಮ್.
ಹೊಲಿದವನು ಅಭ್ಯಾಸಬಲದಿಂದ ಜೇಬೂ ಇಟ್ಟ, ತಾಮ್ರದ ರಿವೆಟ್ಟೂ ಹೊಡೆದ.
ಅಮೆರಿಕದ ಗಾಡಿಗೆ ಬಳ್ಳಾರಿ ಪ್ಯಾಂಟು!
ಬಿಳಿ ಪಂಚೆಯಲ್ಲಿ ಕೂತ ಬೀಗರು ನೀಲಿಯಾಗಿ ಇಳಿದರು,
ಆ ಮಾತು ಅವರ ಮನೇಲಿ ಇನ್ನೂ ಮುಗಿದಿಲ್ಲ.

ಹೊನ್ನೂರ್ ಸಾಬನ ಪಾನಾ ಎಲ್ಲಾ ಮಿಲಿಮೀಟರು,
ಇದರ ಬೋಲ್ಟು ಅಂಗುಲ.
ಹದಿಮೂರು ಸಡಿಲ, ಹನ್ನೆರಡು ಹತ್ತಲ್ಲ.
"ಇದು ಹನ್ನೆರಡೂ ಮುಕ್ಕಾಲು ಗಾಡಿ, ಗಾದಿಲಿಂಗಪ್ಪಾ,
ಎರಡರ ನಡುವೆ ಹುಟ್ಟೈತೆ" ಅಂತ ಬೀಡಿ ಹಚ್ತಾನೆ.
ಗ್ಯಾಸ್ಕೆಟ್ ಸಿಗದೆ ಒಮ್ಮೆ ಮದುವೆ ಕಾರ್ಡು ಕತ್ತರಿಸಿ ಕೂರಿಸಿದ.
ದಪ್ಪ ಕಾಗದ, ಒಳ್ಳೆ ಮನೆತನ, ಎರಡು ವರ್ಷ ಬಂತು.

ಏಪ್ರಿಲ್ಲಿನಲ್ಲಿ ಪೆಟ್ರೋಲು ಪಂಪಿನೊಳಗೇ ಆವಿ.
ರಾಯಲ್ ಸರ್ಕಲ್ಲಿನಲ್ಲಿ ಹಸಿರು ಬಿತ್ತು ಅನ್ನೋವಾಗ
ಉಸ್ಸಂತ ಕೂತುಬಿಡ್ತೈತೆ.
ಹಿಂದೆ ಲಾರಿ, ಆಟೋ, ಕಾಲೇಜು ಬಸ್ಸು,
ಎಲ್ಲಾ ಹಾರ್ನುಗಳಿಗೂ ನನ್ನ ಹೆಸರು ಗೊತ್ತು.
ಟವೆಲ್ ಒದ್ದೆ ಮಾಡಿ ಪಂಪಿನ ಮೇಲೆ ಹಾಕ್ತೀನಿ,
ಜ್ವರ ಬಂದ ಮಗೂಗೆ ಹಾಕಿದಂಗೆ.
ಇದರ ಹಣೆ ಎಲ್ಲೈತೆ ಅಂತ ಕಲಿಯೋಕೆ ಮೂರು ಬ್ಯಾಸಿಗೆ ಬೇಕಾದವು.

ಆದರೆ ಮಾಗಿಯ ಬೆಳಿಗ್ಗೆ ಆರಕ್ಕೆ,
ಸಂಡೂರಿನ ರಸ್ತೆ ಖಾಲಿ ಇದ್ದು, ಕಿಟಕಿ ಇಳಿಸಿ
ಮೂರನೇ ಗೇರಿಗೆ ಬಂತಂದ್ರೆ
ಹಗೇವಿಗೆ ಜೋಳ ಸುರಿದಂಥ ಸದ್ದು.
ಗುಂಡಿ ಇತ್ತು ಅಂತ ಗೊತ್ತಾಗೋದೇ ಗುಂಡಿ ಹಿಂದೆ ಬಿದ್ದ ಮೇಲೆ.
ಆಗ ಯಾರಾದರೂ ಎಷ್ಟು ಮೈಲೇಜು ಕೊಡ್ತೈತೆ ಅಂದರೆ
ಏನು ಹೇಳಲಿ ಅವರಿಗೆ.

ನನ್ನ ಹೆಂಡತಿ ಸುಂಕಮ್ಮ ಇದಕ್ಕೆ ಅಕ್ಕ ಅಂತಾಳೆ,
ಹಿರೇ ಹೆಂಡತಿ ಅನ್ನೋ ಅರ್ಥದಲ್ಲಿ.
ಟಗರಿಗೆ ಅಕ್ಕ!

ಹೋದ ಡಿಸೆಂಬರಿನಲ್ಲಿ ಹೊಸಪೇಟೆಯಿಂದ ಬರೋವಾಗ
ಕುಡತಿನಿ ಹತ್ತಿರ ಎಡಗಡೆ ಮುಂದಿನ ಚಕ್ರ ಕೂತಿತು.
ನಾನು ಚಹಾ ಹೇಳಿ ಬರೋದರೊಳಗೆ
ಪಂಕ್ಚರ್ ಅಂಗಡಿ ಹುಡುಗ ಪಾನಾ ಮೇಲೆ ಹತ್ತಿ ಕುಣಿದು
ಒಂದು ಬೋಲ್ಟು ಮುರಿದಿದ್ದ.
ಸುಂಕಮ್ಮ ಇಳಿದಳು. "ಆ ಕಡೆ ಅಲ್ಲ, ತಮ್ಮಾ.
ಇದರ ಎಡ ಮಗ್ಗಲಿನ ಮರೆ ಎಲ್ಲಾ ಉಲ್ಟಾ.
ಬಿಚ್ಚಬೇಕಂದ್ರೆ ಬಿಗಿ ಮಾಡೋ ಕಡೆ ತಿರುಗಿಸು."
ಪಾನಾ ಕಸಿದು, ಚಪ್ಪಲಿಗಾಲಿಟ್ಟು ಒತ್ತಿದಳು.
ನಟ್ಟು ಕಿರ್ ಅಂತ ಒಪ್ಪಿಕೊಂತು.
ನಾನು ಯಾವತ್ತೂ ಹೇಳಿಕೊಟ್ಟಿದ್ದಿಲ್ಲ.
ಎರಡೂ ಲೋಟದ ಚಹಾ ಕೈಯಲ್ಲೇ ಆರಿತು.

ಆರು ವೋಲ್ಟಿನ ಲೈಟು ಅಂದರೆ ಎರಡು ಬುಡ್ಡಿದೀಪ,
ಅದು ತೋರಿಸಿದಷ್ಟೇ ರಸ್ತೆ.
ಕನ್ನಡಿಯಲ್ಲಿ, ದೂರ ಹಿಂದೆ, ತೋರಣಗಲ್ಲಿನ ಕುಲುಮೆ
ಮುಗಿಲಿಗೆ ಕೆಂಪು ಬಳೀತಿತ್ತು,
ನಾಳೆಯ ಗಾಡಿಗಳ ಕಬ್ಬಿಣ ಅಲ್ಲಿ ಇನ್ನೂ ನೀರು.
"ನಾಲ್ಕೇ ನಟ್ಟು ಅದಾವೆ, ಮೆಲ್ಲಕ ಹೋಗು" ಅಂದಳು,
ನನಗೋ, ಅಕ್ಕಗೋ.
ಸೀಟಿನ ಅಂಚು ಬಿಗಿಯಾಗಿ ಹಿಡಿದಿದ್ದಳು.

ಬೆಳಿಗ್ಗೆ ರೊಟ್ಟಿ ಬಡಿಯೋಕೆ ಕೂತಾಗ
ಅಂಗೈ ನೀಲಿ, ಉಗುರಿನ ಸಂದಿಗೆ ಗ್ರೀಸು.
ಮೂರು ಸಲ ಉಜ್ಜಿ ನೋಡಿ, ಬಿಟ್ಟು,
ಹಿಟ್ಟಿಗೆ ಕೈ ಹಾಕಿದಳು.